ಸಕ್ಕರೆ ಗುಳಿಗೆಯೋ, ಇಂಗ್ಲಿಷ್ ಮದ್ದೋ: ಆಯ್ಕೆಗೆ ಮುಂಚೆ ತೂಗಿ ನೋಡಬೇಕಾದದ್ದು

ಮಳೆ ಹಿಡಿದ ಮೇಲೆ ನನ್ನ ಹತ್ತಿರ ಬಂದ ಪ್ರಶ್ನೆಗಳಲ್ಲಿ ಮೂರನ್ನು ಒಟ್ಟಿಗೆ ಎತ್ತಿಟ್ಟಿದ್ದೇನೆ. ಕಾವೂರಿನ ಒಬ್ಬ ತಾಯಿಯದು ಮೊದಲನೆಯದು. ಒಂಬತ್ತು ವರ್ಷದ ಮಗ ಬೆಳಿಗ್ಗೆ ಎದ್ದು ಚಾಪೆ ಮಡಚುವ ಮೊದಲೇ ಹದಿನೈದು ಇಪ್ಪತ್ತು ಸೀನು ಸೀನುತ್ತಾನೆ. ಇಎನ್‌ಟಿ ಡಾಕ್ಟ್ರು ಮೂಗಿಗೆ ಸ್ಪ್ರೇ ಬರೆದುಕೊಟ್ಟಿದ್ದಾರೆ. "ಅದರಲ್ಲಿ ಸ್ಟಿರಾಯ್ಡ್ ಉಂಟಂತೆ, ಬೇಡ, ಹೋಮಿಯೋಪತಿ ಮಾಡಿಸು" ಎಂದು ಅತ್ತೆ ಹಿಡಿದ ಹಟ ಬಿಡುತ್ತಿಲ್ಲ. ಎರಡನೆಯವರು ಕಟಪಾಡಿಯವರು. ಸ್ಕ್ಯಾನಿಂಗ್‌ನಲ್ಲಿ ಮೂತ್ರನಾಳದಲ್ಲಿ 7 ಮಿಲಿಮೀಟರ್ ಕಲ್ಲು ಕಂಡಿದೆ. ಗೆಳೆಯನಿಗೆ ಹೋಮಿಯೋಪತಿ ಹನಿ ಕುಡಿದು ಹದಿನೈದೇ ದಿನದಲ್ಲಿ ಕಲ್ಲು ಬಿದ್ದು ಹೋಯಿತಂತೆ. ಮೂರನೆಯವರು ಕಾರ್ಕಳದಿಂದ ಬರೆದಿದ್ದಾರೆ. ಅಮ್ಮನ ಕೈಬೆರಳ ಗಂಟುಗಳು ಊದಿವೆ, ಬೆಳಿಗ್ಗೆ ಒಂದು ಗಂಟೆ ಮುಷ್ಟಿ ಕಟ್ಟಲಿಕ್ಕೇ ಆಗುವುದಿಲ್ಲ, ರುಮಟಾಯ್ಡ್ ಸಂಧಿವಾತ ಎಂದು ಹೇಳಿದ್ದಾರೆ. ವಾರಕ್ಕೊಮ್ಮೆ ನುಂಗುವ ಮೆಥೊಟ್ರೆಕ್ಸೇಟ್ ಕ್ಯಾನ್ಸರಿಗೂ ಕೊಡುವ ಮದ್ದು ಎಂದು ಯಾರೋ ಹೇಳಿದ ದಿನದಿಂದ ಅಮ್ಮ ಮಾತ್ರೆ ಮುಟ್ಟುತ್ತಿಲ್ಲ.

ನಾನು ಡಾಕ್ಟರಲ್ಲ. ಪಿಯುಸಿ ಮಕ್ಕಳಿಗೆ ರಸಾಯನಶಾಸ್ತ್ರ ಕಲಿಸಿದವಳು. ಹದಿನಾಲ್ಕು ತಿಂಗಳು ಇದೇ ಸೀನಿಗೆ ಹೋಮಿಯೋಪತಿ ಮದ್ದು ತಿಂದವಳೂ ಹೌದು. ಈ ಎರಡು ಅನುಭವ ಒಂದಕ್ಕೊಂದು ಎದುರಾದಾಗ ಓದಲು ಶುರುಮಾಡಿದೆ.

ನಮ್ಮೂರಿನಲ್ಲಿ ಈ ವಿಷಯ ಮಾತಾಡುವಾಗ ಒಂದು ಗೌರವ ಇಟ್ಟುಕೊಂಡೇ ಮಾತಾಡಬೇಕು. 1880ರಲ್ಲಿ ಜರ್ಮನ್ ಮೂಲದ ಯೇಸುಸಭೆಯ ಪಾದ್ರಿ ಫಾದರ್ ಆಗಸ್ಟಸ್ ಮುಲ್ಲರ್ ಕಂಕನಾಡಿಯಲ್ಲಿ ಬಡವರಿಗಾಗಿ ಔಷಧಾಲಯ ತೆರೆದಾಗ ಕೊಟ್ಟದ್ದು ಹೋಮಿಯೋಪತಿ ಮದ್ದನ್ನೇ. ಇವತ್ತಿನ ದೊಡ್ಡ ಆಸ್ಪತ್ರೆ, ಎಂಬಿಬಿಎಸ್ ಕಾಲೇಜು, ದೇರಳಕಟ್ಟೆಯ ಹೋಮಿಯೋಪತಿ ಕಾಲೇಜು ಎಲ್ಲ ಆ ಒಂದು ಬೀಜದಿಂದ ಎದ್ದವು. ಆ ಕಾಲಕ್ಕೆ ಅದು ಒಳ್ಳೆಯ ಆಯ್ಕೆಯೇ ಆಗಿತ್ತು. ಆಂಟಿಬಯಾಟಿಕ್ ಇನ್ನೂ ಹುಟ್ಟಿರಲಿಲ್ಲ. ಅದಕ್ಕೆ ಕೆಲವು ದಶಕ ಮೊದಲಿನವರೆಗೂ ಯುರೋಪಿನ ವೈದ್ಯರು ರೋಗಿಯ ರಕ್ತ ಹರಿಸುತ್ತಿದ್ದರು, ಪಾದರಸ ಕುಡಿಸುತ್ತಿದ್ದರು. 1854ರ ಕಾಲರಾದಲ್ಲಿ ಲಂಡನ್ನಿನ ಹೋಮಿಯೋಪತಿ ಆಸ್ಪತ್ರೆಯಲ್ಲಿ ಬೇರೆ ಆಸ್ಪತ್ರೆಗಳಿಗಿಂತ ಕಡಿಮೆ ಜನ ಸತ್ತರು. ದೇಹಕ್ಕೆ ಕಿರುಕುಳ ಕೊಡದೆ ಶುಶ್ರೂಷೆ ಮಾಡಿದ್ದೇ ದೊಡ್ಡ ಚಿಕಿತ್ಸೆಯಾಗಿದ್ದ ಕಾಲ ಅದು. ಈಗ ಎದುರಿಗಿರುವುದು ರಕ್ತ ಹರಿಸುವ ವೈದ್ಯನಲ್ಲ. ಆದ್ದರಿಂದ ಹೋಲಿಕೆಯನ್ನೂ ಹೊಸದಾಗಿಯೇ ಮಾಡಬೇಕು.

ಯಾವ ಅಳತೆಯಲ್ಲಿ ಅಳೆಯುವುದು?

ನಾನು ನಾಲ್ಕು ಪ್ರಶ್ನೆ ಇಟ್ಟುಕೊಂಡಿದ್ದೇನೆ. ಮದ್ದು ಯಾವುದು, ಬರೀ ಸಕ್ಕರೆ ಯಾವುದು ಎಂದು ಕೊಡುವವರಿಗೂ ತಿನ್ನುವವರಿಗೂ ಗೊತ್ತಿಲ್ಲದ ಹಾಗೆ ಪರೀಕ್ಷೆ ಮಾಡಿದಾಗ ಮದ್ದು ಗೆದ್ದಿದೆಯೇ? ಆ ಮದ್ದು ಕೆಲಸ ಮಾಡದೆ ಹೋದರೆ, ಅದನ್ನು ನಂಬಿ ಕಳೆದ ದಿನಗಳಲ್ಲಿ ನಾನು ಏನು ಕಳೆದುಕೊಳ್ಳುತ್ತೇನೆ? ಒಂದು ಸಲದ ಫೀಸಲ್ಲ, ಮುಗಿಯುವವರೆಗಿನ ಒಟ್ಟು ಖರ್ಚೆಷ್ಟು? ನನ್ನ ಮಾತನ್ನು ಪೂರ್ತಿ ಕೇಳಿಸಿಕೊಳ್ಳುವವರು ಯಾರು?

ನಾಲ್ಕಕ್ಕೂ ಸಮ ತೂಕವಿಲ್ಲ. ನನ್ನ ಮಟ್ಟಿಗೆ ಎರಡನೆಯದೇ ಎಲ್ಲಕ್ಕಿಂತ ಭಾರದ್ದು. ಅದಕ್ಕೆ ಉತ್ತರ ಕಾಯಿಲೆಯಿಂದ ಕಾಯಿಲೆಗೆ ಬದಲಾಗುತ್ತದೆ. ಹಾಗಾಗಿಯೇ "ಹೋಮಿಯೋಪತಿ ಒಳ್ಳೆಯದಾ?" ಎಂಬ ಪ್ರಶ್ನೆಗೆ ಒಂದೇ ಮಾತಿನಲ್ಲಿ ಉತ್ತರ ಹೇಳಿದರೆ ಯಾರಿಗೂ ಉಪಯೋಗವಿಲ್ಲ.

ಗುಳಿಗೆಯ ಒಳಗೆ ಏನುಂಟು?

ಆಟಿ ಅಮಾವಾಸ್ಯೆಯ ಬೆಳಿಗ್ಗೆ ಬರಿಹೊಟ್ಟೆಗೆ ಹಾಳೆ ಮರದ ತೊಗಟೆಯ ಕಷಾಯ ಕುಡಿದು ಮುಖ ಕಿವುಚಿದವರಿಗೆ ಹೋಮಿಯೋಪತಿ ಹುಟ್ಟಿದ ಕತೆ ಬೇಗ ಅರ್ಥವಾಗುತ್ತದೆ. ಅದೂ ಕಹಿ ತೊಗಟೆಯಿಂದಲೇ ಶುರುವಾದದ್ದು. ಜರ್ಮನಿಯ ವೈದ್ಯ ಸ್ಯಾಮ್ಯುಯೆಲ್ ಹಾನೆಮನ್ 1790ರಲ್ಲಿ ಚಳಿಜ್ವರಕ್ಕೆ ಕೊಡುವ ಸಿಂಕೋನಾ ತೊಗಟೆಯನ್ನು ತಾನೇ ಸೇವಿಸಿ ನೋಡಿದ. ಅವನಿಗೆ ಚಳಿಜ್ವರದಂಥದೇ ಲಕ್ಷಣಗಳು ಕಂಡವು. ಆರೋಗ್ಯವಂತನಲ್ಲಿ ಯಾವ ಲಕ್ಷಣ ತರುತ್ತದೋ ಅದೇ ಲಕ್ಷಣದ ರೋಗವನ್ನು ಆ ವಸ್ತು ಗುಣಪಡಿಸುತ್ತದೆ ಎಂದು 1796ರಲ್ಲಿ ಬರೆದ. ಸಿಂಕೋನಾ ಮಲೇರಿಯಾಕ್ಕೆ ನಾಟುವುದು ಅದರಲ್ಲಿರುವ ಕ್ವಿನೈನ್ ಆ ರೋಗದ ಪರಾವಲಂಬಿ ಜೀವಿಯನ್ನು ಕೊಲ್ಲುವುದರಿಂದ. ಆ ಜೀವಿಯನ್ನು ಫ್ರಾನ್ಸಿನ ವೈದ್ಯ ಲಾವೆರಾನ್ ಮೊದಲು ಕಂಡದ್ದು 1880ರಲ್ಲಿ, ಕಂಕನಾಡಿಯ ಔಷಧಾಲಯ ತೆರೆದ ವರ್ಷವೇ. ಹಾನೆಮನ್ನನಿಗೆ ಅದು ತಿಳಿದಿರಲು ಸಾಧ್ಯವಿರಲಿಲ್ಲ.

ಇನ್ನು ತಯಾರಿಸುವ ಕ್ರಮ. ನಮ್ಮ ಗುಡ್ಡಗಳಲ್ಲಿ ಬೆಳೆಯುವ ಕಾಸರಕನ ಮರವನ್ನೇ ತೆಗೆದುಕೊಳ್ಳಿ. ಆಟಿ ಕಷಾಯಕ್ಕೆ ಮರ ಗುರುತಿಸಲು ತಪ್ಪಿ ಕಾಸರಕನ ತೊಗಟೆ ತಂದರೆ ಜೀವಕ್ಕೇ ಅಪಾಯ ಎಂದು ಅಜ್ಜಿಯಂದಿರು ಎಚ್ಚರಿಸುತ್ತಿದ್ದರಲ್ಲ, ಅದೇ ಮರ. ಅದರ ಬೀಜದಿಂದ ಮಾಡುವ 'ನಕ್ಸ್ ವೊಮಿಕಾ' ಹೋಮಿಯೋಪತಿಯಲ್ಲಿ ಬಹಳ ಬಳಕೆಯ ಮದ್ದು. ಬೀಜದ ಸಾರ ಒಂದು ಭಾಗ, ಸ್ಪಿರಿಟ್ 99 ಭಾಗ ಬೆರೆಸಿ ಕುಲುಕಿದರೆ 1ಸಿ. ಅದರಿಂದ ಒಂದು ಭಾಗ ತೆಗೆದು ಮತ್ತೆ 99 ಭಾಗಕ್ಕೆ ಹಾಕಿದರೆ 2ಸಿ. ಹೀಗೆ ಮೂವತ್ತು ಸಲ ಮಾಡಿದ್ದು ಸೀಸೆಯ ಮೇಲೆ ಬರೆದಿರುವ '30'.

ಪಿಯುಸಿ ಮಕ್ಕಳಿಗೆ ನಾನು ಈ ಲೆಕ್ಕ ಮಾಡಿಸುತ್ತಿದ್ದೆ. ಹನ್ನೆರಡನೇ ಹೆಜ್ಜೆಗೆ ಬರುವಾಗ ಮೂಲವಸ್ತು 1ರ ಮುಂದೆ 24 ಸೊನ್ನೆ ಇಟ್ಟಷ್ಟು ಭಾಗದಲ್ಲಿ ಒಂದು. ಒಂದು ಮೋಲ್ (ರಸಾಯನಶಾಸ್ತ್ರದಲ್ಲಿ ವಸ್ತುವನ್ನು ಅಳೆಯುವ ಪ್ರಮಾಣ) ವಸ್ತುವಿನಲ್ಲಿ ಇರುವ ಅಣುಗಳೇ 6.022ನ್ನು 10ರ 23ನೇ ಘಾತದಿಂದ ಗುಣಿಸಿದಷ್ಟು. ಅದು 24 ಸೊನ್ನೆಯ ಆ ಸಂಖ್ಯೆಗಿಂತ ಕಡಿಮೆ, ಒಂದು ಅಣುವಾದರೂ ಉಳಿದಿರುವುದು ಅನುಮಾನ. ಅಲ್ಲಿಗೆ ಅಣುಗಳ ಲೆಕ್ಕ ಮುಗಿಯಿತು. ಮಲ್ಪೆಯ ಕಡಲಿಗೆ ಒಂದು ಹನಿ ಹಾಕಿ, ಅದು ಜಗತ್ತಿನ ಎಲ್ಲ ಸಮುದ್ರಗಳಲ್ಲೂ ಸರಿಯಾಗಿ ಬೆರೆತ ಮೇಲೆ ಸಿಗುವ ನೀರು ಸುಮಾರು ಹದಿಮೂರನೇ ಹೆಜ್ಜೆಗೆ ಸಮ. ಇನ್ನೂ ಹದಿನೇಳು ಹೆಜ್ಜೆ ಬಾಕಿ ಇರುತ್ತದೆ. 200 ಎಂದು ಬರೆದ ಸೀಸೆಯ ಮಾತು ಬಿಡಿ.

ಇದಕ್ಕೆ ಹೋಮಿಯೋಪತಿಯವರ ಕಡೆಯಿಂದ ಎರಡು ಉತ್ತರ ಬರುತ್ತವೆ. ನೀರಿಗೆ ನೆನಪಿದೆ ಎಂಬುದು ಒಂದು. 1988ರಲ್ಲಿ ಫ್ರಾನ್ಸಿನ ವಿಜ್ಞಾನಿ ಜಾಕ್ ಬೆನ್ವೆನಿಸ್ತ್ ಅಂಥದೇ ಫಲಿತಾಂಶ ಪ್ರಕಟಿಸಿದರು. 'ನೇಚರ್' ವಿಜ್ಞಾನ ಪತ್ರಿಕೆಯ ತಂಡ ಅವರ ಪ್ರಯೋಗಾಲಯಕ್ಕೇ ಹೋಗಿ, ಯಾವ ನಳಿಕೆಯಲ್ಲಿ ಏನಿದೆ ಎಂದು ಮುಚ್ಚಿಟ್ಟು ಮಾಡಿಸಿದಾಗ ಆ ಫಲಿತಾಂಶ ಬರಲಿಲ್ಲ. ಎರಡನೆಯದು ನಮ್ಮ ಐಐಟಿ ಬಾಂಬೆಯದು. 2010ರಲ್ಲಿ ಅಲ್ಲಿನ ವಿಜ್ಞಾನಿಗಳು ಲೋಹದಿಂದ ಮಾಡಿದ 200ಸಿ ಮದ್ದಿನಲ್ಲೂ ಆ ಲೋಹದ ನ್ಯಾನೋ ಕಣಗಳು ಸಿಕ್ಕಿವೆ ಎಂದು ಬರೆದರು. ಕಣ ಇರಬಹುದು ಎಂದೇ ಇಟ್ಟುಕೊಳ್ಳೋಣ. ಅದರಿಂದ ರೋಗಿ ಗುಣವಾಗುತ್ತಾನೆಯೇ ಎಂಬುದು ಬೇರೆಯೇ ಪ್ರಶ್ನೆ. ಅದನ್ನು ರೋಗಿಗಳ ಮೇಲೆಯೇ ಪರೀಕ್ಷಿಸಬೇಕು.

ನೆನಪಿಡಿ, ಎಲ್ಲ ಹೋಮಿಯೋಪತಿ ಮದ್ದೂ ಇಷ್ಟು ತೆಳುವಲ್ಲ. ಸೀಸೆಯ ಮೇಲೆ 'ಕ್ಯೂ' ಅಥವಾ 'ಮದರ್ ಟಿಂಕ್ಚರ್' (ತೆಳು ಮಾಡುವ ಮೊದಲಿನ ಮೂಲ ಸಾರ) ಎಂದಿದ್ದರೆ, ಇಲ್ಲವೇ '3ಎಕ್ಸ್'ನಂಥ ಸಣ್ಣ ಸಂಖ್ಯೆ (ಎಕ್ಸ್ ಎಂದರೆ 99ರ ಬದಲು ಒಂಬತ್ತೇ ಭಾಗಕ್ಕೆ ಬೆರೆಸಿದ್ದು) ಇದ್ದರೆ, ಅದರಲ್ಲಿ ನಿಜವಾಗಿ ವಸ್ತು ಉಂಟು. ಅಡ್ಡ ಪರಿಣಾಮವೂ ಆಗಬಹುದು. ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ 2017ರಲ್ಲಿ ಹಲ್ಲು ಬರುವ ಮಕ್ಕಳಿಗೆ ಕೊಡುತ್ತಿದ್ದ ಕೆಲವು ಹೋಮಿಯೋಪತಿ ಮಾತ್ರೆಗಳಲ್ಲಿ ಬೆಲಡೋನಾ ಎಂಬ ವಿಷಸಸ್ಯದ ಅಂಶ ಲೇಬಲ್ಲಿನಲ್ಲಿ ಹೇಳಿದ್ದಕ್ಕಿಂತ ಹೆಚ್ಚಿರುವುದನ್ನು ಕಂಡು ಎಚ್ಚರಿಕೆ ಕೊಟ್ಟಿತ್ತು.

ಪರೀಕ್ಷೆಗೆ ಒಡ್ಡಿದಾಗ

ಹೋಮಿಯೋಪತಿಯ ಪರವಾಗಿ ಇರುವ ಪುರಾವೆಯನ್ನೇ ಮೊದಲು ಹೇಳುತ್ತೇನೆ. 1997ರಲ್ಲಿ ಸಂಶೋಧಕ ಕ್ಲಾಸ್ ಲಿಂಡೆ ಮತ್ತು ಸಂಗಡಿಗರು 89 ಪರೀಕ್ಷೆಗಳನ್ನು ಒಟ್ಟು ಮಾಡಿ 'ಲ್ಯಾನ್ಸೆಟ್' ವೈದ್ಯಕೀಯ ಪತ್ರಿಕೆಯಲ್ಲಿ ಬರೆದರು. ಹುಸಿಮದ್ದಿಗಿಂತ (ಮದ್ದಿನಂತೆ ಕಾಣುವ, ಮದ್ದಿಲ್ಲದ ಗುಳಿಗೆಗಿಂತ) ಹೋಮಿಯೋಪತಿ ಮೇಲಾಗಿ ಕಂಡಿತು. ಇಂದಿಗೂ ಹೆಚ್ಚಾಗಿ ಉಲ್ಲೇಖವಾಗುವುದು ಅದೇ. ಆದರೆ ಯಾವುದೇ ಒಂದು ನಿರ್ದಿಷ್ಟ ಕಾಯಿಲೆಗೆ ಇದು ನಾಟುತ್ತದೆ ಎನ್ನಲು ಪುರಾವೆ ಸಾಲದು ಎಂದೂ ಅದೇ ಲೇಖನ ಹೇಳಿತ್ತು. ಎರಡು ವರ್ಷದ ನಂತರ ಅದೇ ತಂಡ ಮತ್ತೆ ನೋಡಿದಾಗ, ಪರೀಕ್ಷೆ ಎಷ್ಟು ಕಟ್ಟುನಿಟ್ಟೋ ಲಾಭ ಅಷ್ಟು ಕಡಿಮೆ ಎಂದು ತಿಳಿಯಿತು.

2005ರಲ್ಲಿ ಸ್ವಿಟ್ಜರ್ಲೆಂಡಿನ ಬರ್ನ್ ವಿಶ್ವವಿದ್ಯಾಲಯದ ತಂಡ 110 ಹೋಮಿಯೋಪತಿ ಪರೀಕ್ಷೆಗಳನ್ನೂ ಅದಕ್ಕೆ ಜೋಡಿಯಾಗುವ 110 ಇಂಗ್ಲಿಷ್ ಮದ್ದಿನ ಪರೀಕ್ಷೆಗಳನ್ನೂ ಅಕ್ಕಪಕ್ಕ ಇಟ್ಟಿತು. ಚಿಕ್ಕ, ಸಡಿಲ ಪರೀಕ್ಷೆಗಳಲ್ಲಿ ಎರಡೂ ಚೆನ್ನಾಗಿ ಕಂಡವು. ದೊಡ್ಡದಾಗಿ, ಒಳ್ಳೆಯ ರೀತಿಯಲ್ಲಿ ಮಾಡಿದವನ್ನು ಮಾತ್ರ ಉಳಿಸಿಕೊಂಡಾಗ ಇಂಗ್ಲಿಷ್ ಮದ್ದಿನ ಪರಿಣಾಮ ನಿಂತಿತು, ಹೋಮಿಯೋಪತಿಯದು ಹುಸಿಮದ್ದಿನ ಮಟ್ಟಕ್ಕೆ ಇಳಿಯಿತು. ಕೊನೆಗೆ ಉಳಿದ ಹೋಮಿಯೋಪತಿ ಪರೀಕ್ಷೆ ಎಂಟೇ, ಬೇರೆ ಎಂಟನ್ನು ಆರಿಸಿದ್ದರೆ ಉತ್ತರ ಬದಲಾಗುತ್ತಿತ್ತು ಎಂಬ ಆಕ್ಷೇಪ ಬಂತು. ನ್ಯಾಯವಾದ ಆಕ್ಷೇಪವೇ. 2014ರಲ್ಲಿ ಸಂಶೋಧಕ ರಾಬರ್ಟ್ ಮಾಥಿ ಒಬ್ಬೊಬ್ಬ ರೋಗಿಗೂ ಬೇರೆ ಬೇರೆ ಮದ್ದು ಆರಿಸಿ ಕೊಟ್ಟ ಪರೀಕ್ಷೆಗಳನ್ನಷ್ಟೇ ತೂಗಿ ಸಣ್ಣದೊಂದು ಲಾಭ ಕಂಡರು. ಅವುಗಳಲ್ಲಿ ನಂಬಬಹುದಾದವು ಮೂರೇ ಎಂದು, ಹಾಗಾಗಿ ಎಚ್ಚರದಿಂದ ಓದಿ ಎಂದು ಅವರೇ ಬರೆದರು. 2015ರಲ್ಲಿ ಆಸ್ಟ್ರೇಲಿಯಾದ ರಾಷ್ಟ್ರೀಯ ಆರೋಗ್ಯ ಮತ್ತು ವೈದ್ಯಕೀಯ ಸಂಶೋಧನಾ ಮಂಡಳಿ 61 ಕಾಯಿಲೆಗಳ 176 ಅಧ್ಯಯನಗಳನ್ನು ನೋಡಿ, ನಂಬಲರ್ಹ ಪುರಾವೆ ಇರುವ ಒಂದು ಕಾಯಿಲೆಯೂ ಸಿಗಲಿಲ್ಲ ಎಂದಿತು. 150ಕ್ಕಿಂತ ಕಡಿಮೆ ಜನರಿದ್ದ ಅಧ್ಯಯನಗಳಿಗೆ ಬೆಲೆ ಕೊಡಲಿಲ್ಲ ಎಂಬ ದೂರು ಅದರ ಮೇಲೂ ಉಂಟು.

ಈ ಎಲ್ಲ ದೂರುಗಳನ್ನೂ ಒಪ್ಪಿಕೊಂಡು ನಾನು ಒಂದು ಮಾತು ಕೇಳಿಕೊಂಡೆ. ಎರಡು ನೂರು ವರ್ಷ ದಾಟಿದ ಪದ್ಧತಿ ಇದು. ದೊಡ್ಡ ಪರೀಕ್ಷೆಯಲ್ಲಿ ಒಮ್ಮೆ ಗೆದ್ದು, ಬೇರೆಯವರು ಮಾಡಿದಾಗಲೂ ಗೆದ್ದ ಒಂದೇ ಒಂದು ಕಾಯಿಲೆ ಇದೆಯೇ? ನನಗೆ ಸಿಗಲಿಲ್ಲ. ಅಲರ್ಜಿಯನ್ನೇ ನೋಡಿ. 1986ರಲ್ಲಿ ಡೇವಿಡ್ ರೈಲಿ 144 ಪರಾಗ ಅಲರ್ಜಿ ರೋಗಿಗಳ ಮೇಲೆ ಮಾಡಿದ ಪರೀಕ್ಷೆಯಲ್ಲಿ ಹೋಮಿಯೋಪತಿ ಗೆದ್ದಿತು. ಅದೇ ತತ್ತ್ವವನ್ನು (ಅಲರ್ಜಿ ತರುವ ವಸ್ತುವನ್ನೇ ತೆಳು ಮಾಡಿ ಕೊಡುವುದು) 2002ರಲ್ಲಿ ದೂಳಿನ ಹುಳದ ಅಲರ್ಜಿ ಇದ್ದ 242 ಆಸ್ತಮಾ ರೋಗಿಗಳ ಮೇಲೆ ನೋಡಿದಾಗ ವ್ಯತ್ಯಾಸ ಕಾಣಲಿಲ್ಲ. ನರುಳಿಗೆ ಥೂಜಾ ಕೊಡುವುದು ನಮ್ಮಲ್ಲಿ ಮನೆಮಾತು. 1992ರಲ್ಲಿ ಕೆನಡಾದಲ್ಲಿ ಅಂಗಾಲಿನ ನರುಳಿಯಿದ್ದ 174 ಜನರಿಗೆ ಥೂಜಾ ಸೇರಿದ ಹೋಮಿಯೋಪತಿ ಮದ್ದು ಕೊಟ್ಟಾಗ ಹುಸಿಮದ್ದಿನಷ್ಟೇ ಫಲ ಬಂತು. ಮಕ್ಕಳ ನರುಳಿ ಹೆಚ್ಚಿನವು ಒಂದೆರಡು ವರ್ಷದಲ್ಲಿ ತಾವಾಗಿಯೇ ಉದುರುತ್ತವೆ. ಕೀರ್ತಿ ಆಗ ಯಾವ ಮದ್ದು ಕೈಯಲ್ಲಿತ್ತೋ ಅದಕ್ಕೆ ಹೋಗುತ್ತದೆ.

ಹಾಗಾದರೆ ನನಗೆ ಹಗುರಾದದ್ದು?

ಹಗುರವಾದದ್ದು ಸುಳ್ಳಲ್ಲ. ನಾನು ಹೋಗುತ್ತಿದ್ದ ಕ್ಲಿನಿಕ್ಕಿನ ಡಾಕ್ಟ್ರು ಮೊದಲ ದಿನ ಒಂದು ಗಂಟೆ ಹತ್ತು ನಿಮಿಷ ಕೂರಿಸಿ ಮಾತಾಡಿಸಿದರು. ಯಾವ ಮಗ್ಗುಲಲ್ಲಿ ಮಲಗುತ್ತೀರಿ, ನೀರು ಒಂದೇ ಸಲ ಕುಡಿಯುತ್ತೀರೋ ಗುಟುಕು ಗುಟುಕಾಗಿಯೋ, ಉಪ್ಪಿನಕಾಯಿ ಕಂಡರೆ ಆಸೆಯಾ, ಅಪ್ಪ ತೀರಿಕೊಂಡದ್ದು ಯಾವಾಗ, ಆಮೇಲೆ ನಿದ್ರೆ ಹೇಗಿತ್ತು. ಅಪ್ಪನ ವಿಷಯ ಬಂದಾಗ ನಾನು ಅತ್ತೆ. ಅವರು ಪೆನ್ನು ಕೆಳಗಿಟ್ಟು ಸುಮ್ಮನೆ ಕುಳಿತರು. ಆಮೇಲೆ ಬೆರಳುದ್ದದ ಗಾಜಿನ ಸೀಸೆಗೆ ಬಿಳಿ ಗುಳಿಗೆ ತುಂಬಿಸಿ, ಮೇಲಿಂದ ನಾಲ್ಕು ಹನಿ ಬಿಟ್ಟು, ಬಿರಡೆ ಹಾಕಿ ಅಂಗೈಗೆ ತಟ್ಟಿ ತಟ್ಟಿ ಕುಲುಕಿ ಕೊಟ್ಟರು. ಸ್ಪಿರಿಟಿನ ಪರಿಮಳ, ನಾಲಿಗೆಯ ಮೇಲೆ ಕರಗುವ ಸಿಹಿ, ಕಾಫಿಗೆ ಮೊದಲು ಅರ್ಧ ಗಂಟೆ ಬಿಡಬೇಕೆಂಬ ನಿಯಮ. ಬೆಳಿಗ್ಗೆಗೇ ಒಂದು ಶಿಸ್ತು ಬಂದಂತಾಯಿತು. ಮೂರನೇ ವಾರಕ್ಕೆ ಸೀನು ಕಡಿಮೆಯಾಯಿತು.

ಆಗ ಅಕ್ಟೋಬರ್. ಮಳೆ ಬಿಟ್ಟು, ಹಾಸಿಗೆಗಳಿಗೆ ಬಿಸಿಲು ಕಂಡಿತ್ತು. ಮುಂದಿನ ಜೂನ್‌ನಲ್ಲಿ ಸೀನು ಹಾಗೆಯೇ ಮರಳಿ ಬಂತು. ಗುಳಿಗೆ ಒಂದು ದಿನವೂ ತಪ್ಪಿರಲಿಲ್ಲ.

ಇಂಗ್ಲೆಂಡಿನ ಸೌತಾಂಪ್ಟನ್ ತಂಡ 2011ರಲ್ಲಿ ಪ್ರಕಟಿಸಿದ ಒಂದು ಅಧ್ಯಯನ ನನ್ನ ಈ ಅನುಭವಕ್ಕೆ ಹೆಸರು ಕೊಟ್ಟಿತು. ರುಮಟಾಯ್ಡ್ ಸಂಧಿವಾತದ 83 ರೋಗಿಗಳು. ಎಲ್ಲರೂ ತಮ್ಮ ಮಾಮೂಲಿ ಇಂಗ್ಲಿಷ್ ಮದ್ದನ್ನು ಮುಂದುವರಿಸಿದರು. ಅದರ ಮೇಲೆ ಕೆಲವರಿಗೆ ಹೋಮಿಯೋಪತಿ ವೈದ್ಯರ ಜೊತೆ ದೀರ್ಘ ಮಾತುಕತೆ, ಕೆಲವರಿಗೆ ಮಾತುಕತೆಯಿಲ್ಲದೆ ಮದ್ದು ಮಾತ್ರ. ಮದ್ದಿನಲ್ಲೂ ಕೆಲವರಿಗೆ ನಿಜದ್ದು, ಕೆಲವರಿಗೆ ಹುಸಿ. ಮಾತುಕತೆ ಸಿಕ್ಕವರಿಗೆ ಗಮನಾರ್ಹವಾಗಿ ಹಗುರವಾಯಿತು. ಮದ್ದು ನಿಜದ್ದೋ ಹುಸಿಯೋ ಎಂಬುದರಿಂದ ವ್ಯತ್ಯಾಸವಾಗಲಿಲ್ಲ.

ನಾನು ಹೇಳಬೇಕೆಂದಿರುವುದೆಲ್ಲ ಈ ಅಧ್ಯಯನದಲ್ಲೇ ಇದೆ. ಆ ಒಂದು ಗಂಟೆ ಹತ್ತು ನಿಮಿಷ ನಿಜವಾದ ಚಿಕಿತ್ಸೆ. ಗುಳಿಗೆ ಅಲ್ಲ.

ಆಯ್ಕೆಗಳನ್ನು ಒಂದೊಂದಾಗಿ

*ಹೋಮಿಯೋಪತಿ ಒಂದೇ.* ಪುರಾವೆಯ ಅಳತೆಯಲ್ಲಿ ಸೋಲುತ್ತದೆ. ಕೇಳಿಸಿಕೊಳ್ಳುವ ಅಳತೆಯಲ್ಲಿ ಎಲ್ಲರಿಗಿಂತ ಮೇಲೆ. ಖರ್ಚು ಕಡಿಮೆ ಎನ್ನುವುದು ಅರ್ಧ ಸತ್ಯ. ನಾನು ತಿಂಗಳಿಗೆ 400 ರೂಪಾಯಿಯಂತೆ ಹದಿನಾಲ್ಕು ತಿಂಗಳಿಗೆ 5,600 ಕೊಟ್ಟೆ. ಬಸ್ಸಿನ ಖರ್ಚು ಬೇರೆ. ಒಂದೇ ಸಲಕ್ಕೆ ಹೋಗದ್ದರಿಂದ ಅದು ಕಣ್ಣಿಗೆ ಕಾಣಲಿಲ್ಲ. ತಾನಾಗಿ ಹೋಗುವ ತೊಂದರೆಗೆ, ಕಾಯುವುದರಿಂದ ಏನೂ ಕೆಡದ ಕಡೆ, ಇದನ್ನು ಮಾಡಿಸುವವರ ಮೇಲೆ ನನಗೆ ತಕರಾರಿಲ್ಲ. ಸಾಮಾನ್ಯ ಶೀತ, ಮಕ್ಕಳ ನರುಳಿ, ವರ್ಷಕ್ಕೆರಡು ಬಾರಿ ಬರುವ ಬಾಯಿಹುಣ್ಣು ಇಂಥವು. ಆದರೆ ಮಕ್ಕಳ ಶೀತಕ್ಕೂ ಗುಳಿಗೆಯಿಂದ ಹೆಚ್ಚಿನ ಲಾಭ ಕಾಣುವುದಿಲ್ಲ ಎಂದು, ಚಿಕಿತ್ಸೆಗಳ ಪರೀಕ್ಷೆಗಳನ್ನು ಒಟ್ಟು ಮಾಡಿ ತೂಗುವ ಕಾಕ್ರೇನ್ ಸಂಸ್ಥೆಯ 2018ರ ಪರಿಶೀಲನೆ ಹೇಳಿದೆ. ಇದು ತಿಳಿದಿರಲಿ.

ಒಂದು ಗುರುತು ಹೇಳಿಕೊಡುತ್ತೇನೆ. ಒಳ್ಳೆಯ ಹೋಮಿಯೋಪತಿ ವೈದ್ಯರು ಐದೂವರೆ ವರ್ಷ ಓದಿದವರು, ದೇಹರಚನೆ, ರೋಗಶಾಸ್ತ್ರ ಕಲಿತವರು. ಯಾವಾಗ "ಇದು ನನ್ನಲ್ಲಿ ಆಗುವುದಲ್ಲ, ಆಸ್ಪತ್ರೆಗೆ ಹೋಗಿ" ಎನ್ನಬೇಕೆಂದು ಅವರಿಗೆ ಗೊತ್ತಿರುತ್ತದೆ, ಹಾಗೆ ಹೇಳುತ್ತಾರೆ ಕೂಡ. ಸಕ್ಕರೆ ಕಾಯಿಲೆ, ಕ್ಯಾನ್ಸರ್, ಕಿಡ್ನಿ ಕಲ್ಲು ಗ್ಯಾರಂಟಿ ಗುಣ ಎಂದು ಬೋರ್ಡು ಹಾಕಿದವರ ಮೆಟ್ಟಿಲು ಹತ್ತಬೇಡಿ. ಅಂಥ ಜಾಹೀರಾತನ್ನು 1954ರ ಕಾಯಿದೆಯೇ ನಿಷೇಧಿಸಿದೆ.

*ಇಂಗ್ಲಿಷ್ ಮದ್ದು.* ಪುರಾವೆ ಇರುವ ಕಡೆ ಬಲವಾಗಿ ಇದೆ, ಎಲ್ಲ ಮದ್ದಿಗೂ ಇಲ್ಲ. ಶೀತಕ್ಕೆ ಆಂಟಿಬಯಾಟಿಕ್ ಬರೆದುಕೊಡುವ ಅಭ್ಯಾಸಕ್ಕೆ ಯಾವ ಪುರಾವೆಯೂ ಇಲ್ಲ. ಅಡ್ಡ ಪರಿಣಾಮ ನಿಜ. ಖರ್ಚಿನ ಭಯಕ್ಕೆ ಸ್ವಲ್ಪ ಉತ್ತರ ಉಂಟು: ಜನೌಷಧಿ ಕೇಂದ್ರದಲ್ಲಿ ಅದೇ ಮದ್ದು ಬ್ರ್ಯಾಂಡಿನದಕ್ಕಿಂತ ಎಷ್ಟೋ ಅಗ್ಗ. ಮಂಗಳೂರಿನ ವೆನ್ಲಾಕ್‌ನಂಥ ಸರಕಾರಿ ಆಸ್ಪತ್ರೆ ಇದೆ, ಬಿಪಿಎಲ್ ಕಾರ್ಡಿದ್ದರೆ ಆರೋಗ್ಯ ಕರ್ನಾಟಕ ಯೋಜನೆ ಇದೆ. ದೊಡ್ಡ ಕೊರತೆ ಬೇರೆ. ಟೋಕನ್ ಹಿಡಿದು ಎರಡು ಗಂಟೆ ಕಾದು ಒಳಗೆ ಹೋದರೆ ನಾಲ್ಕು ನಿಮಿಷ. ಮೂಗಿನ ಸ್ಪ್ರೇ ಹೇಗೆ ಹೊಡೆಯಬೇಕೆಂದು ನನಗೆ ಯಾರೂ ತೋರಿಸಿರಲಿಲ್ಲ. ಮೂರು ದಿನ ತಪ್ಪಾಗಿ ಹೊಡೆದು "ಇದು ಆಗುವುದಿಲ್ಲ" ಎಂದು ಬಿಸಾಡಿದ್ದೆ. ಜನ ಹೋಮಿಯೋಪತಿಯ ಕಡೆ ನಡೆಯುವುದು ಈ ನಾಲ್ಕು ನಿಮಿಷದಿಂದಾಗಿ. ಆಸ್ಪತ್ರೆಗಳು ಇದನ್ನು ಗಂಭೀರವಾಗಿ ತೆಗೆದುಕೊಳ್ಳದೆ, ಪುರಾವೆ ಇಲ್ಲ ಪುರಾವೆ ಇಲ್ಲ ಎಂದಷ್ಟೇ ಹೇಳಿದರೆ ಯಾರೂ ಕೇಳುವುದಿಲ್ಲ.

*ಎರಡೂ ಒಟ್ಟಿಗೆ.* ನಮ್ಮ ಮನೆಗಳಲ್ಲಿ ನಿಜವಾಗಿ ನಡೆಯುವುದು ಇದೇ. 30, 200ರ ಗುಳಿಗೆ ಬೇರೆ ಮದ್ದಿಗೆ ಅಡ್ಡ ಬರುವುದಿಲ್ಲ, ಬರಲು ಅದರಲ್ಲಿ ವಸ್ತುವೇ ಇಲ್ಲ. ಷರತ್ತು ಒಂದೇ: "ನನ್ನ ಮದ್ದು ಕೆಲಸ ಮಾಡಬೇಕಾದರೆ ಇಂಗ್ಲಿಷ್ ಮದ್ದು ನಿಲ್ಲಿಸಿ" ಎಂದು ಯಾರಾದರೂ ಹೇಳಿದರೆ ಒಪ್ಪಬೇಡಿ. ಇನ್ಸುಲಿನ್, ಥೈರಾಯ್ಡ್ ಮಾತ್ರೆ, ಅಪಸ್ಮಾರದ ಮಾತ್ರೆ, ಆಸ್ತಮಾದ ಇನ್‌ಹೇಲರ್ ಇವನ್ನು ಒಂದು ದಿನವೂ ಸ್ವಂತ ಬುದ್ಧಿಯಿಂದ ಬಿಡಬಾರದು.

*ಏನೂ ಮಾಡದೆ ಕಾಯುವುದು.* ಇದನ್ನು ಆಯ್ಕೆ ಎಂದೇ ಯಾರೂ ಎಣಿಸುವುದಿಲ್ಲ. ಗಂಜಿ, ಶುಂಠಿ ಕಷಾಯ, ಎರಡು ದಿನ ವಿಶ್ರಾಂತಿ. ಹೋಮಿಯೋಪತಿ ಯಶಸ್ವಿಯಾಗುವ ಹೆಚ್ಚಿನ ಕಡೆಗಳಲ್ಲಿ ಇದೂ ಅಷ್ಟೇ ಯಶಸ್ವಿ, ಖರ್ಚಿಲ್ಲದೆ.

ಆಯುರ್ವೇದವನ್ನು ಯಾಕೆ ಬಿಟ್ಟಿರಿ ಎಂದು ಉಡುಪಿಯವರು ಕೇಳುತ್ತೀರಿ. ಅದರ ಮದ್ದಿನಲ್ಲಿ ವಸ್ತು ಉಂಟು, ಲಾಭಕ್ಕೂ ಹಾನಿಗೂ ಎರಡಕ್ಕೂ ಅವಕಾಶ ಉಂಟು. ಒಂದೊಂದು ಮದ್ದನ್ನೂ ಬೇರೆಯಾಗಿಯೇ ತೂಗಬೇಕು. ಇಲ್ಲಿ ಬೆರೆಸಿದರೆ ಎರಡಕ್ಕೂ ಅನ್ಯಾಯವಾದೀತು.

ಜ್ವರಕ್ಕೆ ಮಾತ್ರ ಈ ತಕ್ಕಡಿ ಬೇಡ

ಮಳೆಗಾಲದಲ್ಲಿ ಕರಾವಳಿಯ ಜ್ವರ ಎಂದರೆ ಮಲೇರಿಯಾ, ಡೆಂಗಿ, ಇಲಿಜ್ವರ ಮೂರನ್ನೂ ಮನಸ್ಸಿನಲ್ಲಿಟ್ಟುಕೊಳ್ಳಬೇಕು. ನನ್ನ ಚಿಕ್ಕಪ್ಪ ಬ್ರಹ್ಮಾವರದ ಕಡೆ ಬೇಸಾಯದವರು. ನೇಜಿ ನೆಡುವ ಕೆಲಸ ಮುಗಿದ ವಾರ ಜ್ವರ ಬಂತು, ಮೀನಖಂಡ ಮುಟ್ಟಲಿಕ್ಕಾಗದಷ್ಟು ನೋವು. ಪರಿಚಯದ ಒಬ್ಬರು ಗುಳಿಗೆ ಕೊಟ್ಟು "ಮೂರು ದಿನ ನೋಡುವ" ಎಂದರು. ನಾಲ್ಕನೇ ದಿನ ಕಣ್ಣು ಹಳದಿಯಾಯಿತು, ಐದನೇ ದಿನ ಮೂತ್ರ ನಿಂತಿತು. ಇಲಿಯ ಮೂತ್ರ ಸೇರಿದ ಗದ್ದೆಯ ನೀರಿನಿಂದ, ಕಾಲಿನ ಸಣ್ಣ ಗಾಯದ ಮೂಲಕ ಒಳಹೊಕ್ಕ ಬ್ಯಾಕ್ಟೀರಿಯಾ. ಶುರುವಿನಲ್ಲೇ ಡಾಕ್ಸಿಸೈಕ್ಲಿನ್‌ನಂಥ ಅಗ್ಗದ ಆಂಟಿಬಯಾಟಿಕ್ಕಿಗೆ ಬಗ್ಗುವ ರೋಗ. ಚಿಕ್ಕಪ್ಪ ಎರಡು ಸಲ ಡಯಾಲಿಸಿಸ್ ಆಗಿ ಬದುಕಿ ಬಂದರು. ಗುಳಿಗೆ ಅವರಿಗೆ ಏನೂ ಮಾಡಲಿಲ್ಲ. ಕೆಟ್ಟದ್ದು ಆ ಮೂರು ದಿನಗಳಿಂದ.

ಎರಡು ದಿನ ದಾಟಿದ ಜ್ವರಕ್ಕೆ ರಕ್ತ ಪರೀಕ್ಷೆ ಮಾಡಿಸಿ. ಗದ್ದೆಗೆ, ತೋಡಿಗೆ ಇಳಿದವರು ಅಷ್ಟೂ ಕಾಯಬೇಡಿ. ಕ್ಯಾನ್ಸರಿನ ವಿಷಯದಲ್ಲಿ ಕಾಯುವುದರ ಬೆಲೆಯನ್ನು ಅಮೆರಿಕದ ಒಂದು ತಂಡ 2018ರಲ್ಲಿ ಅಳೆದಿದೆ. ಗುಣಪಡಿಸಬಹುದಾದ ಹಂತದಲ್ಲೇ ಪತ್ತೆಯಾಗಿ, ಪರ್ಯಾಯ ಚಿಕಿತ್ಸೆಯನ್ನಷ್ಟೇ ಆರಿಸಿಕೊಂಡ 281 ಜನರಲ್ಲಿ ಸಾವಿನ ಅಪಾಯ ಉಳಿದವರಿಗಿಂತ ಎರಡೂವರೆ ಪಟ್ಟು ಇತ್ತು. ಅದು ಹೋಮಿಯೋಪತಿಯೊಂದರ ಲೆಕ್ಕವಲ್ಲ, ಎಲ್ಲ ಪರ್ಯಾಯ ಪದ್ಧತಿಗಳದು.

ಇನ್ನು ಆ ಮೂವರಿಗೆ

ಕಾರ್ಕಳದವರಿಗೆ: ಅಮ್ಮನ ವಿಷಯದಲ್ಲಿ ತಡ ಮಾಡಬೇಡಿ. ರುಮಟಾಯ್ಡ್‌ನಲ್ಲಿ ಗಂಟಿನ ಎಲುಬು ಸವೆಯುವುದು ಮೊದಲ ತಿಂಗಳುಗಳಲ್ಲೇ ಶುರುವಾಗಬಹುದು, ಸವೆದದ್ದು ಮರಳಿ ಬರುವುದಿಲ್ಲ. ಮೆಥೊಟ್ರೆಕ್ಸೇಟನ್ನು ಕ್ಯಾನ್ಸರಿಗೆ ಕೊಡುವ ಪ್ರಮಾಣವೇ ಬೇರೆ, ಇಲ್ಲಿ ಕೊಡುವುದು ಅದರ ಸಣ್ಣ ಪಾಲು. ವಾರಕ್ಕೆ ಒಂದೇ ದಿನ ಎಂಬುದನ್ನು ದೊಡ್ಡ ಅಕ್ಷರದಲ್ಲಿ ಬರೆದು ಗೋಡೆಗೆ ಅಂಟಿಸಿ, ದಿನಾ ನುಂಗಿದರೆ ಅಪಾಯ. ಫೋಲಿಕ್ ಆಸಿಡ್ ಮತ್ತು ರಕ್ತ ಪರೀಕ್ಷೆ ತಪ್ಪಿಸಬೇಡಿ. ಅಮ್ಮನಿಗೆ ಹೋಮಿಯೋಪತಿ ಡಾಕ್ಟ್ರ ಹತ್ತಿರ ಮಾತಾಡಿದರೆ ಸಮಾಧಾನ ಆಗುವುದಾದರೆ ಅಲ್ಲಿಗೂ ಕರೆದುಕೊಂಡು ಹೋಗಿ. ಸೌತಾಂಪ್ಟನ್ನಿನವರು ಮಾಡಿದ್ದೂ ಹಾಗೆಯೇ, ಎರಡೂ ಒಟ್ಟಿಗೆ.

ಕಟಪಾಡಿಯವರಿಗೆ: 5 ಮಿಲಿಮೀಟರಿಗಿಂತ ಸಣ್ಣ ಕಲ್ಲು ಹೆಚ್ಚಾಗಿ ತಾನೇ ಬೀಳುತ್ತದೆ. ಗೆಳೆಯರ ಕಲ್ಲು ಎಷ್ಟಿತ್ತು ಎಂದು ಒಮ್ಮೆ ಕೇಳಿ. ನಿಮ್ಮ 7 ಮಿಲಿಮೀಟರ್ ಬೀಳುವ ಸಾಧ್ಯತೆ ಅರ್ಧಕ್ಕರ್ಧ. ಸೀಯಾಳ, ಬಾಳೆದಿಂಡಿನ ರಸ ಕುಡಿಯಿರಿ, ಅದರ ಮುಖ್ಯ ಗುಣ ಮೈಗೆ ನೀರು ಸೇರುವುದು. ಡಾಕ್ಟ್ರು ಒಪ್ಪಿದರೆ ನಾಲ್ಕು ವಾರ ಕಾಯಬಹುದು, ಹನಿ ಕುಡಿಯಿರಿ ಬಿಡಿ. ನೋವು ನಿಂತಿತೆಂದು ಮಾತ್ರ ನಂಬಬೇಡಿ. ಕಲ್ಲು ಅಲ್ಲೇ ಸಿಕ್ಕಿಕೊಂಡು, ನೋವಿಲ್ಲದೆಯೇ ಕಿಡ್ನಿ ಊದಿ ಕೆಡಬಹುದು. ನಾಲ್ಕನೇ ವಾರಕ್ಕೆ ಇನ್ನೊಂದು ಸ್ಕ್ಯಾನ್ ಮಾಡಿಸಲೇಬೇಕು. ನೋವಿನ ಜೊತೆ ಚಳಿಜ್ವರ ಬಂದರೆ ಬೆಳಗಾಗುವವರೆಗೂ ಕಾಯದೆ ಆಸ್ಪತ್ರೆಗೆ ಹೋಗಿ.

ಕಾವೂರಿನ ತಾಯಿಗೆ: ನಿಮ್ಮ ಮಗನ ಸೀನು ಜೀವಕ್ಕೆ ಅಪಾಯದ್ದಲ್ಲ, ಹಾಗಾಗಿ ನಿಮಗೆ ಅವಸರವಿಲ್ಲ. ನಮ್ಮ ಊರಿನ ತೇವ ದೂಳಿನ ಹುಳಕ್ಕೆ ಹಬ್ಬ. ಹತ್ತಿಯ ಹಾಸಿಗೆ, ದಿಂಬಿಗೆ ಜಿಪ್ಪಿನ ಕವರ್ ಹಾಕಿ, ಹೊದಿಕೆಯನ್ನು ವಾರಕ್ಕೊಮ್ಮೆ ಬಿಸಿನೀರಲ್ಲಿ ಒಗೆಯಿರಿ. ಸ್ಪ್ರೇಯ ಸ್ಟಿರಾಯ್ಡ್ ಮೂಗಿನಲ್ಲಿ ಕೆಲಸ ಮಾಡುವಂಥದ್ದು, ಈಗಿನ ಮದ್ದುಗಳಲ್ಲಿ ರಕ್ತಕ್ಕೆ ಸೇರುವುದು ಬಹಳ ಕಡಿಮೆ. ಆದರೂ ಅತ್ತೆಯ ಚಿಂತೆ ಅಪ್ರಯೋಜಕವಲ್ಲ, ಆರು ತಿಂಗಳಿಗೊಮ್ಮೆ ಮಗನ ಎತ್ತರ ಅಳೆಯಲು ಡಾಕ್ಟ್ರಿಗೆ ಹೇಳಿ. ತಲೆ ಸ್ವಲ್ಪ ಬಗ್ಗಿಸಿ, ನಳಿಕೆಯ ತುದಿಯನ್ನು ನಡುಗೋಡೆಗಲ್ಲ, ಕಿವಿಯ ಕಡೆಗೆ ತಿರುಗಿಸಿ ಹೊಡೆಯಬೇಕು. ಪೂರ್ತಿ ಫಲ ಕಾಣಲು ಎರಡು ವಾರ ಹಿಡಿಯುತ್ತದೆ.

ಅಷ್ಟಾದ ಮೇಲೂ ಮನೆಯಲ್ಲಿ ಗುಳಿಗೆಯ ಮಾತು ನಿಲ್ಲದಿದ್ದರೆ ಜಗಳ ಬೇಡ, ಪರೀಕ್ಷೆ ಮಾಡಿ. ಹೋಮಿಯೋಪತಿ ಮದ್ದಿನ ಅಂಗಡಿಯಲ್ಲಿ ಮದ್ದು ಹಾಕದ ಬಿಳಿ ಗುಳಿಗೆಯೂ ಸಿಗುತ್ತದೆ. ಒಂದೇ ತರದ ಎರಡು ಸೀಸೆ ತನ್ನಿ, ಒಂದರಲ್ಲಿ ಮದ್ದಿನದು, ಇನ್ನೊಂದರಲ್ಲಿ ಬರೀ ಸಕ್ಕರೆಯದು. ಪರಿಮಳದಿಂದ ಗುರುತು ಸಿಗದ ಹಾಗೆ ಅಂಗಡಿಯವರಿಂದ ಎರಡನೆಯದಕ್ಕೂ ಖಾಲಿ ಸ್ಪಿರಿಟಿನ ಹನಿ ಹಾಕಿಸಿ. ನಿಮ್ಮ ಯಜಮಾನರು ಒಬ್ಬರೇ ಕೂತು ಒಂದಕ್ಕೆ 'ಅ', ಇನ್ನೊಂದಕ್ಕೆ 'ಆ' ಎಂದು ಬರೆದು, ಯಾವುದು ಏನೆಂಬ ಚೀಟಿಯನ್ನು ಲಕೋಟೆಯಲ್ಲಿ ಅಂಟಿಸಿ ಅತ್ತೆಯ ಕೈಗೆ ಕೊಡಲಿ. ಅತ್ತೆ ಅದನ್ನು ಬಿಡಿಸದೆ ಕಪಾಟಿನಲ್ಲಿಡಲಿ. ಮೂರು ವಾರ 'ಅ', ಮೂರು ವಾರ 'ಆ', ಮತ್ತೆ ಅದೇ ಕ್ರಮ. ಮೊದಲ ಮದ್ದಿನ ಪ್ರಭಾವ ಎರಡನೆಯದಕ್ಕೂ ದಾಟುತ್ತದೆ ಎಂದು ಹೋಮಿಯೋಪತಿ ಡಾಕ್ಟ್ರು ಹೇಳಬಹುದು, ಅದಕ್ಕೆ ನಡುವೆ ಒಂದೊಂದು ವಾರ ಬಿಡುವು ಕೊಡಿ. ಸ್ಪ್ರೇಯನ್ನು ಎಲ್ಲ ವಾರಗಳಲ್ಲೂ ಒಂದೇ ಸಮ ಇಟ್ಟಿರಿ. ಪ್ರತಿ ಬೆಳಿಗ್ಗೆ ಸೀನಿನ ಲೆಕ್ಕವನ್ನು ಅಡುಗೆಮನೆಯ ಕ್ಯಾಲೆಂಡರಿನಲ್ಲಿ ಮಗನೇ ಬರೆಯಲಿ, ಒಂಬತ್ತು ವರ್ಷದವನಿಗೆ ಅದು ಖುಷಿಯ ಕೆಲಸ. ಕೊನೆಯ ದಿನ ಅತ್ತೆಯನ್ನು ಪಕ್ಕದಲ್ಲಿ ಕೂರಿಸಿಕೊಂಡು ಎರಡೂ ಸೀಸೆಯ ಸೀನುಗಳನ್ನು ಕೂಡಿಸಿ, ಆಮೇಲೆ ಲಕೋಟೆಯನ್ನು ಅವರ ಕೈಯಿಂದಲೇ ಬಿಡಿಸಿ.